ರಾಚಯ್ಯ ಬಂದರು, ಆರ್ಕುಟ್ ಖಾಲಿಯಾಯಿತು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ನೂರಾರು ಮದುವೆ ಕುದುರಿಸಿದ ಬ್ರೋಕರ್ ರಾಚಯ್ಯನವರಿಗೆ ಸ್ವಂತ ಮಗಳಿಗೊಂದು ಗಂಡು ಹುಡುಕಲಾಗಲಿಲ್ಲ ಎಂದರೆ ಜನ ನಗದೆ ಬಿಟ್ಟಾರೆಯೇ? ನಂಜನಗೂಡಿನ ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದ ಶ್ವೇತ, ಅಪ್ಪ ಕರೆತಂದ ಹನ್ನೊಂದು ಗಂಡುಗಳನ್ನೂ ಬೇಡವೆಂದಿದ್ದಳು. ಹನ್ನೆರಡನೆಯವನನ್ನು ಒಪ್ಪಿಸದೆ ಬಿಡುವುದಿಲ್ಲವೆಂದು ರಾಚಯ್ಯ ಹಟ ಹಿಡಿದಿದ್ದರು.

ಆಗಲೇ, 2009ರಲ್ಲಿ, ಗೆಳೆಯರು ಹರಟುವ ಆರ್ಕುಟ್ ಎಂಬ ಜಾಲತಾಣ ಅವರ ಕಣ್ಣಿಗೆ ಬಿತ್ತು. ಮಗಳನ್ನೇ ಕಾಡಿ ಬೇಡಿ ಖಾತೆ ಮಾಡಿಸಿಕೊಂಡರು. ಅಬ್ಬಾ, ಏನು ಸಂಭ್ರಮ! ಬನ್ನೂರಿನಿಂದ ಹೆಡತಲೆಯವರೆಗಿನ ಹುಡುಗರೆಲ್ಲ ಫೋಟೊ ಸಮೇತ ಒಂದೇ ಕಡೆ. ಬಸ್ಸು ಹತ್ತಬೇಕಿಲ್ಲ, ಮನೆಮನೆಯಲ್ಲಿ ಉಪ್ಪಿಟ್ಟು ತಿನ್ನಬೇಕಿಲ್ಲ. ಹೆತ್ತವರ ಮುಂದೆ ಬಾಯೇ ಬಿಡದವನು ಗೆಳೆಯರ ಜೊತೆ ಏನೇನು ಮಾತಾಡುತ್ತಾನೆಂಬುದೂ ಅಲ್ಲೇ ಸಿಗುತ್ತಿತ್ತು. ದಿನಕ್ಕೆ ನಲವತ್ತು ಪ್ರೊಫೈಲು ನೋಡಿ, ಒಬ್ಬನ ಹೆಸರಿನ ಮುಂದೆ ‘ಸಂಭಾವಿತ’, ಇನ್ನೊಬ್ಬನ ಮುಂದೆ ‘ಸಿಗರೇಟು’ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಪಾಪ, ಒಂದು ವಿಷಯ ಅವರಿಗೆ ತಿಳಿದಿರಲಿಲ್ಲ. ಯಾರು ಬಂದು ಇಣುಕಿದರೆಂಬುದನ್ನು ಆರ್ಕುಟ್ ಆ ಹುಡುಗರಿಗೆ ತೋರಿಸುತ್ತಿತ್ತು. ಬೆಳಗಾದರೆ ಎಲ್ಲರ ಪುಟದಲ್ಲೂ ಪೇಟ ಸುತ್ತಿದ ರಾಚಯ್ಯನವರ ಮುಖ! ಎರಡು ತಿಂಗಳಲ್ಲಿ ಹುಡುಗರು ಒಬ್ಬೊಬ್ಬರಾಗಿ ಮಾಯವಾದರು.

ಕಂಗಾಲಾದ ರಾಚಯ್ಯ ಸೈಬರ್ ಸೆಂಟರಿಗೆ ಓಡಿದರು. ಎಲ್ಲರೂ ಫೇಸ್‌ಬುಕ್ ಎಂಬ ಹೊಸ ಕಡೆಗೆ ಹೋಗಿದ್ದಾರೆಂದಳು ಮಗಳು. ಅದು ಇದಕ್ಕಿಂತ ಚೆನ್ನಾಗಿದೆಯೇ ಎಂದು ಕೇಳಿದರು.

“ಚೆಂದಕ್ಕಲ್ಲ ಅಪ್ಪಾಜಿ. ನೀವು ಬಂದ್ರಲ್ಲ, ಅದ್ಕೆ ಎದ್ದೋದ್ರು.”

ರಾಚಯ್ಯನವರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹರೆಯದಲ್ಲಿ ತಗಡೂರಿನ ಅರಳಿಕಟ್ಟೆಯಲ್ಲಿ ಕೂತಿದ್ದಾಗ ದೊಡ್ಡವರು ಯಾರಾದರೂ ಬಂದರೆ ತಾವೂ ಬೀಡಿ ಎಸೆದು ಎದ್ದು ಹೋದವರೇ. ಆ ಕಟ್ಟೆಯಲ್ಲೇನೂ ಕೊರತೆ ಇರಲಿಲ್ಲ.

ಆದರೂ ಒಬ್ಬ ಉಳಿದಿದ್ದ, ಶ್ವೇತಳ ಸೈಬರ್ ಸೆಂಟರಿಗೆ ಆಗಾಗ ಬರುತ್ತಿದ್ದ ನರಸೀಪುರದ ಗೊಬ್ಬರದಂಗಡಿಯ ಬಸವಪ್ರಸಾದ್. ಅಂದೇ ರಾಚಯ್ಯನವರ ಪುಟದಲ್ಲಿ ಅವನದೊಂದು ಸಂದೇಶ ಬಿದ್ದಿತ್ತು. ಇಂಗ್ಲಿಷ್ ಅಕ್ಷರದ ಕನ್ನಡ ಓದಲು ತಡಕಾಡಿದ ರಾಚಯ್ಯ, ನೀನೇ ಓದವ್ವ ಎಂದು ಮಗಳನ್ನು ಕೂರಿಸಿದರು. ಶ್ವೇತ ತಡೆತಡೆದು ಓದಿದಳು.

“ಸಾರ್, ಎಲ್ರೂ ನಿಮ್ಗೆ ಹೆದರ್ಕೊಂಡು ಹೋದ್ರು. ನೀವು ನೋಡ್ಲಿ ಅಂತ್ಲೇ ನಾನು ಉಳ್ಕೊಂಡೆ. ಶ್ವೇತನ್ನ ನಂಗೆ ಕೊಡ್ತೀರಾ?”

ಇವನಿಗೇನು ಹೇಳಲಿ ಎಂದರು ರಾಚಯ್ಯ. ಶ್ವೇತ ಅಪ್ಪನ ಮುಖ ನೋಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೀಬೋರ್ಡನ್ನು ಮೆಲ್ಲಗೆ ಅವರ ಕಡೆಗೆ ಸರಿಸಿದಳು.