ಮಾಲೀಕರಿಗೆ ಡಿಲೀಟ್ ಇಲ್ಲ

ಪುಣೆ ಹತ್ತಿರ ಚಾಕಣದ ಒಂದು ಕಾರ್ಖಾನೆಗೆ ಕಂಪ್ಯೂಟರ್ ಕೆಲಸಕ್ಕೆ ಹೋದ ನಾನು, ಎಲ್ಲರ ಫೈಲ್‌ಗಳಿರುವ ಸರ್ವರ್ ಬಳಸುವವರನ್ನು ಎರಡು ಗ್ರೂಪ್ ಮಾಡಿದೆ. ಡಿಸೈನ್‌ನವರು ಬಿಡಿಭಾಗಗಳ ಡ್ರಾಯಿಂಗ್ ಹಾಕಬಹುದು, ಅಳಿಸಬಹುದು. ಉಳಿದವರು ಬರೀ ನೋಡಬಹುದು. ಬೆಳಗಾವಿ ಕಡೆಯ ಮಾಲೀಕರನ್ನೂ ನೋಡುವವರ ಗ್ರೂಪಿಗೇ ಸೇರಿಸಿದೆ. ಅವರು ಕೆರಳಿದರು.

“ಕಾರ್ಖಾನಿ ನಂದ ಅದ. ನನಗ ಡಿಲೀಟ್ ಮಾಡಾಕ ಬರೂದಿಲ್ಲಂದ್ರ ಹೆಂಗ್ರಿ?”

“ಕೈತಪ್ಪಿ ಡ್ರಾಯಿಂಗ್ ಹೋದರೆ ಗಿರಾಕಿಗೆ ಏನು ಕಳಿಸ್ತೀರಿ ಸರ್?” ಎಂದೆ. ನಾನು ಬಗ್ಗಲಿಲ್ಲ.

ಅವರು ಬೆಂಬಲಕ್ಕೆಂದು, ಅಲ್ಲೇ ಆಫೀಸು ನೋಡಿಕೊಳ್ಳುತ್ತಿದ್ದ ಹೆಂಡತಿಯನ್ನು ಕರೆದರು. ಆಕೆ ನನಗೇ ಹೇಳಿದರು, “ಹಂಗ ಇರಲಿ ಬಿಡ್ರಿ. ಹೋದ ಸಲ ಎಲ್ಲಾ ಅಳಿಸಿದವರು ಇವರ ನೋಡ್ರಿ.”

ಮಾಲೀಕರು ಚಹಾ ಹೇಳುವ ನೆಪದಲ್ಲಿ ಎದ್ದು ಹೋದರು. ಆಕೆ ದನಿ ತಗ್ಗಿಸಿ ಕೇಳಿದರು, “ಇವರ ಫೋನಿಗೂ ಇಂಥಾದ್ದು ಹಾಕಾಕ ಬರ್ತದೇನ್ರಿ?”

ಸರ್ವರ್‌ನಿಂದ ಆಚೆಗೆ ನನಗೆ ಅಷ್ಟು ಧೈರ್ಯವಿಲ್ಲ.