ವಿಭೂತಿ ಹಚ್ಚಿದ ಮೂರು ಬೆರಳು

ನನ್ನ ತಂಗಿ ಕಂಪ್ಲಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಮೂರನೇ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆದಳು. ಐದನೇ ದಿನ ಚಳಿಜ್ವರ ಬಂತು. ಹೊಲಿಗೆ ಹಾಕಿದ ಜಾಗ ಊದಿ ಕೀವಾಯಿತು.

ಚಿತ್ತವಾಡ್ಗಿಯಿಂದ ದಿನಾ ಆಟೋ ಹತ್ತಿ ಹೋಗಿ ಅವಳ ಪಕ್ಕ ಕೂರುತ್ತಿದ್ದವಳು ನಾನೇ. ಡಾಕ್ಟರು ಕೀವಿನ ರಿಪೋರ್ಟ್ ಹಿಡಿದು ಬಂದರು.

"ನೋಡಮ್ಮ, ಈ ಕ್ರಿಮಿ ಇಲ್ಲೇ ಆಸ್ಪತ್ರ್ಯಾಗ ಹತ್ತೈತಿ. ಯಾವ ಆಂಟಿಬಯಾಟಿಕ್‌ಗೂ ಬಗ್ಗವಲ್ದು. ಒಂದೇ ಒಂದು ಇಂಜೆಕ್ಷನ್ ಉಳದೈತಿ, ಹಾಕಿ ನೋಡೋಣ."

"ಆಸ್ಪತ್ರ್ಯಾಗ ಅಂದ್ರ, ಯಾರಿಂದರೀ?"

"ಅದು ಕಣ್ಣಿಗೆ ಕಾಣಲ್ಲ. ಕೈಯಿಂದ ಕೈಗೆ ಹೋಗತೈತಿ."

ನನಗೆ ಅಷ್ಟು ಸಾಕಾಯಿತು. ಮಂಚದ ತುದಿಗೆ ಸ್ಯಾನಿಟೈಸರ್ ಬಾಟಲಿ ಸಿಕ್ಕಿಸಿದ್ದರು. ಯಾರು ಒತ್ತುತ್ತಾರೆ, ಯಾರು ಒತ್ತುವುದಿಲ್ಲ ಎಂದು ಕಾವಲು ಕೂತೆ. ತೂಕಡಿಸುವವಳಂತೆ ನಟಿಸಿ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದೆ. ಫೋನಿನಲ್ಲಿ ಟೈಪ್ ಮಾಡುವುದನ್ನು ಆಗಷ್ಟೇ ಮೊಮ್ಮಗಳು ಕಲಿಸಿದ್ದಳು. ಎಲ್ಲವನ್ನೂ ಬರೆದಿಟ್ಟೆ. ದೊಡ್ಡ ಡಾಕ್ಟರು: ಒತ್ತಿದರು. ಎಕ್ಸ್‌ರೇ ತೆಗೆಯುವವನು: ಒತ್ತಲಿಲ್ಲ. ನೆಲ ಒರೆಸುವಾಕೆ: ಒಂದೇ ಬಟ್ಟೆಯಲ್ಲಿ ನಮ್ಮ ಮೇಜು, ಪಕ್ಕದವರ ಮೇಜು.

ತಂಗಿಗೆ ಜ್ವರದಲ್ಲೂ ನಗು. "ಅಕ್ಕಾ, ನೀ ಪೊಲೀಸ್ರಾಗ ಇರಬೇಕಿತ್ತು ನೋಡು. ನಿನ್ನ ಕಂಡ್ರ ಡಾಕ್ಟರೂ ಹೆದರ್ತಾನ."

"ಹೆದರ್ಲಿ ಬಿಡು. ನೀ ಸುಮ್ನ ಮಲ್ಕೋ."

ನನಗೆ ಹೆಚ್ಚು ಅನುಮಾನ ಇದ್ದದ್ದು ಡ್ರೆಸ್ಸಿಂಗ್ ಮಾಡುವ ನರ್ಸಿನ ಮೇಲೆ. ಯಾವಾಗಲೂ ಅವಸರದ ಹುಡುಗಿ. ಪಕ್ಕದ ಮಂಚದಲ್ಲಿ ಕಾಲು ಹುಣ್ಣಾದ ಗಾದಿಗನೂರಿನ ಹೆಂಗಸಿದ್ದಳು. ಅವಳ ಡ್ರೆಸ್ಸಿಂಗ್ ಮುಗಿಸಿ ನಮ್ಮ ಕಡೆ ತಿರುಗಿದ ನರ್ಸನ್ನು ತಡೆದೆ.

"ಏನವ್ವಾ, ಕೈ ತೊಳಕಂಡ್ಯೇನು?"

"ತೊಳಕಂಡೀನಿ, ಗ್ಲೌಸೂ ಬದಲಿ ಮಾಡೀನಿ. ಅಜ್ಜಿ, ನೀವು ತೊಳಕಂಡ್ರ್ಯಾ?"

"ನಾ ಯಾಕ? ನಾ ಏನ್ ಮುಟ್ಟೀನಿ?"

ಅವಳು ತಂಗಿಯ ಬ್ಯಾಂಡೇಜಿನ ಅಂಚು ತೋರಿಸಿದಳು. ಅಲ್ಲಿ ಬೂದಿಯ ಗೆರೆಗಳಿದ್ದವು. "ಹಂಗಾದ್ರ ಇದನ್ನ ಯಾರು ಹಚ್ಚತಾರ? ದಿನಾ ನಾ ಒರಸ್ತೀನಿ, ದಿನಾ ಮತ್ತ ಬರತೈತಿ."

ನಮ್ಮ ಮನೆಯಲ್ಲಿ ನೋವಿದ್ದ ಜಾಗಕ್ಕೆ ವಿಭೂತಿ ಹಚ್ಚದೆ ಯಾರನ್ನೂ ಮಲಗಿಸುವುದಿಲ್ಲ. ಆಪರೇಷನ್ ಆದ ದಿನದಿಂದಲೇ ಹಚ್ಚುತ್ತಿದ್ದೆ, ಬ್ಯಾಂಡೇಜಿನ ಅಂಚು ಎತ್ತಿ ಹೊಲಿಗೆಯ ತನಕ ಬೆರಳು ತೂರಿಸಿ. ಅದನ್ನು ನೋಡಿದ ಗಾದಿಗನೂರಿನಾಕೆ, "ನನಗೂ ಒಂಚೂರು ಹಚ್ರೀ ಅಮ್ಮಾ" ಎಂದಿದ್ದಳು. ಮೊದಲು ಅವಳ ಹುಣ್ಣಿನ ಸುತ್ತ ಹಚ್ಚಿ, ಆಮೇಲೆ ತಂಗಿಗೆ ಹಚ್ಚುತ್ತಿದ್ದೆ. ಪರರಿಗೆ ಮೊದಲು, ನಮ್ಮವರಿಗೆ ಆಮೇಲೆ ಎನ್ನುವ ಮರ್ಯಾದೆ ಬೇರೆ. ಅದೇ ಮೂರು ಬೆರಳು.

ಆ ಕೊನೆಯ ಇಂಜೆಕ್ಷನ್ನೂ ನಾಟಲಿಲ್ಲ. ಹನ್ನೊಂದನೇ ದಿನ ಮಧ್ಯಾಹ್ನ ತಂಗಿ ಹೋದಳು.

"ನನ್ನಿಂದ ಹತ್ತಿತೇನ್ರೀ?" ಎಂದು ಡಾಕ್ಟರನ್ನು ಕೇಳಿದೆ.

"ಯಾರಿಂದ ಅಂತ ಹೇಳಾಕ ಬರಲ್ಲಮ್ಮ" ಎಂದರು.

ನಿಜ ಹೇಳಿದರೋ, ಮುದುಕಿಯನ್ನು ಸಮಾಧಾನ ಮಾಡಿದರೋ, ಆ ಅನುಮಾನ ಹೋಗಿಲ್ಲ. ಎಕ್ಸ್‌ರೇಯವನ ಮೇಲೂ ಇದೆ, ಆ ಒರೆಸುವ ಬಟ್ಟೆಯ ಮೇಲೂ ಇದೆ. ಫೋನಿನಲ್ಲಿರುವ ಪಟ್ಟಿಯನ್ನು ಅಳಿಸಿಲ್ಲ. ಅದರ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ. ಅಕ್ಕ: ಒತ್ತಲಿಲ್ಲ.