ಈರವ್ವನ ಫೋಟೋ ಮತ್ತು ನನ್ನ ಮೂರು ಲೆನ್ಸುಗಳು

ಕಳೆದ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೇ ಸ್ನಾನ ಮಾಡಬೇಕಾದರೂ ನನ್ನ ಪರವಾನಗಿ ಬೇಕಿತ್ತು.

ಬಚ್ಚಲುಮನೆ ಫೋಟೋ ತೊಳೆಯುವ ಡಾರ್ಕ್‌ರೂಮ್ ಆಗಿತ್ತು. ಕಿಟಕಿಗೆ ಕಂಬಳಿ, ನಳದ ಕೆಳಗೆ ಔಷಧದ ಟ್ರೇ, ನಡುವೆ ಎನ್‌ಲಾರ್ಜರ್. (ನೆಗೆಟಿವ್‌ನಿಂದ ದೊಡ್ಡ ಫೋಟೋ ಮಾಡುವ ಯಂತ್ರ. ಕಲರ್ ಲ್ಯಾಬ್ ಬಂದ ಮೇಲೆ ಸ್ಟುಡಿಯೋದವರು ಅಟ್ಟಕ್ಕೆ ಹಾಕಿದ್ದನ್ನು ನಾನು ಇಳಿಸಿ ತಂದಿದ್ದೆ.)

"ಮನ್ಯಾಗಿನ ಮಂದಿ ಮಾರಿ ತೊಳ್ಕೊಳ್ಳೋದು ಬ್ಯಾಡೇನ್ರಿ?" ಎಂದು ಹೆಂಡತಿ ಬಾಗಿಲಾಚೆಯಿಂದ ಕೇಳುತ್ತಿದ್ದಳು.

"ತಡಿ, ದೊಡ್ಡ ಕೆಲಸ ನಡದೈತಿ," ಎನ್ನುತ್ತಿದ್ದೆ.

ಕೆಲಸವೇನೋ ದೊಡ್ಡದೇ. ಬೆಟಗೇರಿಯಲ್ಲಿ ನಮ್ಮ ಓಣಿಯ ಈರವ್ವನ ತಾಯಿ ಗಂಗವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದ ಆಕೆಯ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಇದ್ದದ್ದು ನನ್ನ ಬಳಿಯ ಒಂದೇ ನೆಗೆಟಿವ್. ಗದಗ ಜಿಲ್ಲೆಯಾದ ಹೊಸತರಲ್ಲಿ ನಾನೂ ಹೊಸ ಕ್ಯಾಮೆರಾ ಕೊಂಡು, ಕಂಡವರನ್ನೆಲ್ಲ ಕ್ಲಿಕ್ಕಿಸುತ್ತ ತಿರುಗುವಾಗ ತೆಗೆದದ್ದು.

"ವರ್ಷದ ಪೂಜಿಗೆ ಗ್ವಾಡಿಗೆ ಹಾಕುವಂಥಾದ್ದು ದೊಡ್ಡದು ಮಾಡಿ ಕೊಡ್ರಿ ಮಾಸ್ತರ," ಎಂದಳು ಈರವ್ವ.

"ಎಂಟ ದಿನದಾಗ ಕೊಡ್ತೀನವ್ವಾ," ಎಂದೆ.

ದೊಡ್ಡ ಪ್ರಿಂಟ್ ತೆಗೆದೆ. ಗಂಗವ್ವನ ಮುಖ ಮಸುಕು. ಮತ್ತೆ ತೆಗೆದೆ. ಮತ್ತೆ ಮಸುಕು. ತಪ್ಪು ಯಾರದು? ಎನ್‌ಲಾರ್ಜರಿನ ಲೆನ್ಸಿನದೇ. ಬೇರೆ ಯಾರದಿರಲು ಸಾಧ್ಯ?

ಆಮೇಲೆ ಶುರುವಾಯಿತು ನನ್ನ ಲೆನ್ಸ್ ಯಾತ್ರೆ. ಶಿರಹಟ್ಟಿಯ ಮುಚ್ಚಿದ ಸ್ಟುಡಿಯೋದಲ್ಲಿ ಜರ್ಮನಿಯದೊಂದು ಸಿಕ್ಕಿತು. ಗಾಜಿನ ಅಂಚಿಗೆ ತುಸು ಬೂಷ್ಟು ಹಿಡಿದಿತ್ತು. ಮುಂಡರಗಿಯ ಮದುವೆ ಫೋಟೋಗ್ರಾಫರ್ ಒಬ್ಬರು ಹಳೇ ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಜಪಾನಿನ ಲೆನ್ಸ್ ಕೊಟ್ಟರು. ರಷ್ಯಾದ್ದು ಗದಗದ ಗುಜರಿ ಅಂಗಡಿಯಲ್ಲಿ ದೊರೆಯಿತು.

ಅದೇ ನೆಗೆಟಿವ್, ಅದೇ ಕಾಗದ, ಅದೇ ಔಷಧ. ಪ್ರತಿ ಲೆನ್ಸಿನ ಬಾಯಿ ಪೂರ್ತಿ ತೆರೆದು ಒಮ್ಮೆ, ಕಿರಿದು ಮಾಡಿ ಒಮ್ಮೆ. ಪ್ರಿಂಟಿನ ನಡುಭಾಗ, ನಾಲ್ಕು ಮೂಲೆ, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ: "ಜರ್ಮನಿ: ಗಂಭೀರ. ಜಪಾನ್: ಚುರುಕು. ರಷ್ಯಾ: ಮೂಲೆಗಳಲ್ಲಿ ಸೋಮಾರಿ." ಬರೆದು, ಅದನ್ನು ನಾನೇ ಎರಡು ಸಲ ಓದಿಕೊಂಡೆ. (ಎಲ್ಲ ಪ್ರಿಂಟಿನಲ್ಲೂ ಮುಖ ಮಸುಕೇ ಇತ್ತು ಎಂಬುದನ್ನು ಬರೆಯಲಿಲ್ಲ.)

ಎಂಟು ದಿನ ಎರಡು ತಿಂಗಳಾಯಿತು. "ಆತೇನ್ರಿ?" ಎಂದು ಈರವ್ವ ಕೇಳಿದಾಗಲೆಲ್ಲ "ಇನ್ನೊಂದು ಚಲೋ ಲೆನ್ಸ್ ಸಿಗಬೇಕವ್ವಾ," ಎನ್ನುತ್ತಿದ್ದೆ. ಪೂಜೆಗೆ ನಾಲ್ಕೇ ದಿನ ಉಳಿದಾಗ ಹೆದರಿಕೆಯಾಯಿತು. ಲೆನ್ಸು, ಲೆನ್ಸಿಗೊಂದರಂತೆ ಮೂರು ಪ್ರಿಂಟು, ನೆಗೆಟಿವ್ ಎಲ್ಲ ಚೀಲಕ್ಕೆ ಹಾಕಿ, ಮುಳಗುಂದದ ಮೇಲೆ ಹೋಗುವ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ದಾದಾಪೀರ್ ಇದ್ದಾರೆ. ಆಯುಷ್ಯವೆಲ್ಲ ಡಾರ್ಕ್‌ರೂಮಿನಲ್ಲಿ ಕಳೆದವರು. ಈಗ ಅದೇ ಅಂಗಡಿಯಲ್ಲಿ ಕನ್ನಡಕ ಮಾರುತ್ತಾರೆ.

ಮೂರು ಪ್ರಿಂಟುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಲೆನ್ಸ್ ಮೂರೂ ಚಲೋ ಅದಾವ್ರಿ ಸರ."

"ಹಂಗಾರ ಮಾರಿ ಯಾಕ ಮಸುಕ್ರಿ?"

"ಫಿಲ್ಮಿನ ಚುಕ್ಕಿ ನೋಡ್ರಿ, ಸಾಸಿವಿ ಚೆಲ್ಲಿದಂಗ ಎದ್ದು ಕಾಣ್ತಾವು. ಅಂದರ ಲೆನ್ಸ್ ತನ್ನ ಕೆಲಸ ಮಾಡೈತಿ. ಈಗ ಹಿಂದಿನ ಗ್ವಾಡ್ಯಾಗಿನ ಮೊಳಿ ನೋಡ್ರಿ. ಎರಡಾಗಿ ಕಾಣಾಕತ್ತೈತಿ. ಮುದುಕಿ ಅಲ್ಲಾಡಿದ್ರ ಆಕಿ ಒಬ್ಬಾಕಿನ ಮಸುಕಾಗಬೇಕಿತ್ತು. ಮೊಳಿ ಅಲ್ಲಾಡತೈತೇನ್ರಿ? ಫೋಟೋ ಹೊಡದಾವರ ಕೈ ಅಲ್ಲಾಡೈತಿ." ಪ್ರಿಂಟು ಕೆಳಗಿಟ್ಟು ಕೇಳಿದರು, "ಯಾರ್ರಿ ಹೊಡದಾವರು?"

ಓದುಗರೇ, ಇಪ್ಪತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿರಿ ಎಂದು ಪಾಠ ಮಾಡಿದ ಮನುಷ್ಯ ನಾನು. "ಗೊತ್ತಿಲ್ರಿ, ಯಾರೋ ಹೊಸಬ," ಎಂದುಬಿಟ್ಟೆ.

"ಪಾಪ, ಗಡಿಬಿಡಿ ಮಾಡ್ಯಾನ," ಎಂದರು ದಾದಾಪೀರ್. "ಪೋಸ್ಟ್‌ಕಾರ್ಡಿನಷ್ಟ ಸಣ್ಣದು ಮಾಡಿ ಕೊಡ್ರಿ. ಅಷ್ಟರಾಗ ಅಲ್ಲಾಡಿದ್ದು ತಿಳಿಯಂಗಿಲ್ಲ."

ಮರುದಿನ ಸಣ್ಣದೇ ಮಾಡಿದೆ. ನಿಜಕ್ಕೂ ಮುಖ ಸ್ಪಷ್ಟವಾಗಿತ್ತು. ಆದರೆ ಗೋಡೆಗೆ ಹಾಕುವ ದೊಡ್ಡ ಫೋಟೋ ಕೇಳಿದವಳಿಗೆ ಅಂಗೈಯಷ್ಟು ಕಾಗದ ಕೊಡುವುದು ಹೇಗೆ? ಅದನ್ನೂ ಅದೇ ಚೀಲಕ್ಕೆ ಹಾಕಿಕೊಂಡು ಹೋದೆ. ಈರವ್ವನ ಮನೆಯ ಕಟ್ಟೆಯ ಮೇಲೆ ಕೂತು ಕೊನೆಗೂ ಹೇಳಿದೆ.

"ತಪ್ಪು ನಂದೈತಿ ಈರವ್ವ. ಫೋಟೋ ಹೊಡಿಯೋವಾಗ ನನ್ನ ಕೈ ನಡುಗಿತ್ತು. ಎರಡು ತಿಂಗಳು ಸುಮ್ಮನ ಲೆನ್ಸಿಗೆ ಬೈಕೋತ ಕುಂತೆ."

ಅವಳು ಸಣ್ಣ ಫೋಟೋ ಇಸಿದುಕೊಂಡು ನೋಡುತ್ತ ನಕ್ಕಳು.

"ನಡುಗದ ಏನ್ ಮಾಡ್ತೈತ್ರಿ? ಮಗ್ಗದ ಬೆಳಕಿಗೆ ಅಡ್ಡ ನಿಂತೀರಿ ಅಂತ ನಮ್ಮವ್ವ ಅವತ್ತು ನಿಮಗ ಬೈಯಾಕತ್ತಿದ್ಲು. ಬಾಯಿ ನೋಡ್ರಿ, ಇನ್ನೂ ತೆರದೈತಿ."

ನೋಡಿದೆ. ಹೌದು. ಎರಡು ತಿಂಗಳು ಭೂತಗನ್ನಡಿ ಹಿಡಿದು ಆ ಮುಖದ ಮೂಲೆ ಮೂಲೆ ಅಳೆದವನಿಗೆ, ಆ ಮುಖ ಬೈಯುತ್ತಿದೆ ಎಂಬುದು ಕಂಡಿರಲಿಲ್ಲ.

ಚೀಲದಲ್ಲಿದ್ದ ಮೂರು ಮಸುಕು ಪ್ರಿಂಟುಗಳನ್ನೂ ಅವಳು ತೆಗೆದುಕೊಂಡಳು. ಒಂದು ಗೋಡೆಗೆ, ಎರಡು ಅಕ್ಕಂದಿರಿಗೆ. "ನಮ್ಮವ್ವ ಯಾವತ್ತು ಸುಮ್ಮನ ಕುಂತಾಕಿ? ಹಿಂಗ ಚಂದ ಅದಾಳ," ಎಂದಳು. ಜರ್ಮನಿಯದು ಯಾವುದು, ಜಪಾನಿನದು ಯಾವುದು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನನ್ನ ಮಾತು ಬಿಡಿ. 'ಕೈ ನನ್ನದೇ ನಡುಗಿತ್ತು' ಎಂದು ಒಪ್ಪಿಕೊಳ್ಳುವ ಮೊದಲು ನೀವು ಎಷ್ಟು ಲೆನ್ಸ್ ಬದಲಿಸುತ್ತೀರಿ?